ತಂದೆಯ ಮುಂದೆ ರಾಹುಲ: ಅಜಂತದ ಒಂದು ಭಿತ್ತಿಚಿತ್ರ

ಅಜಂತದ 17ನೆಯ ಗುಹೆಯಲ್ಲಿ, ಗರ್ಭಗೃಹದ ಮುಂದಿನ ಅಂಕಣದ ಗೋಡೆಯ ಮೇಲೆ, ಬುದ್ಧನು ಭಿಕ್ಷಾಪಾತ್ರೆ ಹಿಡಿದು ತಾನು ತೊರೆದ ಮನೆಯ ಬಾಗಿಲಿಗೇ ಬಂದು ನಿಂತಿದ್ದಾನೆ. ಜ್ಞಾನೋದಯದ ಬಳಿಕ ಕಪಿಲವಸ್ತುವಿಗೆ ಮರಳಿದ ಸಂದರ್ಭವದು. ಎದುರಿಗಿರುವ ಯಶೋಧರೆ ಮಗ ರಾಹುಲನನ್ನು ಮುಂದಕ್ಕೆ ಕಳುಹಿಸುತ್ತಿದ್ದಾಳೆ. ಬುದ್ಧನ ಆಕೃತಿ ಅತಿ ಎತ್ತರವಾದುದು. ಅದರ ಪಕ್ಕದಲ್ಲಿ ತಾಯಿಮಗ ಬೊಂಬೆಗಳಂತೆ ಕಿರಿದಾಗಿ ಕಾಣುತ್ತಾರೆ. ವಾಕಾಟಕ ದೊರೆ ಹರಿಷೇಣನ ಕಾಲದ, ಎಂದರೆ ಕ್ರಿ.ಶ. 5ನೆಯ ಶತಮಾನದ ಉತ್ತರಾರ್ಧದ ಕೃತಿಯಿದು. ಮಣ್ಣಿನ ಗಿಲಾವಿನ ಮೇಲೆ ಸುಣ್ಣದ ತೆಳುಲೇಪ ಕೊಟ್ಟು, ಅದು ಒಣಗಿದ ಮೇಲೆ ಬಣ್ಣ ಹಚ್ಚಿದ್ದಾರೆ.

ಈ ಗಾತ್ರಭೇದವು ಬುದ್ಧನ ಆಧ್ಯಾತ್ಮಿಕ ಹಿರಿಮೆಯನ್ನು ಸೂಚಿಸುತ್ತದೆಂಬುದು ರೂಢಿಯ ವಿವರಣೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಪೂರ್ವಸಭೆಗಳ ಪವಿತ್ರಚಿತ್ರಗಳಲ್ಲಿಯೂ ಈ ಕ್ರಮವುಂಟು. ಆದರೆ ವಿವರಣೆ ಅಲ್ಲಿಗೇ ನಿಂತರೆ ಚಿತ್ರ ಬಡವಾಗುತ್ತದೆ. ಎಂದೂ ಕಾಣದ ತಂದೆ ಮಗುವಿನ ಕಣ್ಣಿಗೆ ಇಷ್ಟೇ ದೊಡ್ಡವನಾಗಿ ತೋರಿಯಾನು. ಚಿತ್ರಕಾರನು ರಾಹುಲನ ಎತ್ತರದಿಂದಲೂ ನೋಡಿದ್ದಾನೆಂದು ನಮಗನ್ನಿಸುತ್ತದೆ.

ತಾಯಿಯ ಮಾತಿನಂತೆ ರಾಹುಲನು ಪಿತ್ರಾರ್ಜಿತವನ್ನು ಕೇಳಿದನೆಂದೂ, ಬುದ್ಧನು ಅವನಿಗೆ ಪ್ರವ್ರಜ್ಯೆ ಕೊಡಲು ಸಾರಿಪುತ್ರನಿಗೆ ಅಪ್ಪಣೆಯಿತ್ತನೆಂದೂ ಪಾಲಿ ವಿನಯಪಿಟಕ ಹೇಳುತ್ತದೆ. ಕಥೆ ಅಷ್ಟಕ್ಕೆ ಮುಗಿಯುವುದಿಲ್ಲ. ಮಗನನ್ನೂ ಮೊಮ್ಮಗನನ್ನೂ ಕಳೆದುಕೊಂಡ ಶುದ್ಧೋದನನು ಮನನೊಂದು ಬಿನ್ನವಿಸಿಕೊಂಡಾಗ, ತಂದೆತಾಯಿಯರ ಅನುಮತಿಯಿಲ್ಲದೆ ಮಕ್ಕಳಿಗೆ ದೀಕ್ಷೆ ಕೊಡಬಾರದೆಂಬ ನಿಯಮ ಹುಟ್ಟಿತು. ಮುದುಕನ ಅಳಲು ಸಂಘದ ಶಾಸನವಾಯಿತು.

ಇಲ್ಲಿ ನಾವು ನಮ್ಮ ಗ್ರಂಥದತ್ತ ತಿರುಗದಿರಲಾರೆವು. ಜೆಬೆದಾಯನ ಮಕ್ಕಳು ತಂದೆಯನ್ನು ದೋಣಿಯಲ್ಲೇ ಬಿಟ್ಟು ಹೊರಟದ್ದನ್ನು ಸಂತ ಮಾರ್ಕರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಪೇತ್ರರ ಅತ್ತೆಯ ಜ್ವರವನ್ನು ಹೇಳುವ ಅವರು ಮಡದಿಯ ಸುದ್ದಿಯನ್ನೆತ್ತುವುದಿಲ್ಲ. ಆಕೆಯ ಸುಳಿವಿಗೆ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೆಯ ಅಧ್ಯಾಯಕ್ಕೆ ಹೋಗಬೇಕು. ಶುಭಸಂದೇಶದ ಅವಸರಕ್ಕೆ ಕಾರಣವಿದೆ, ದೇವರಾಜ್ಯ ಸಮೀಪಿಸಿತ್ತು. ಆ ಮೌನವನ್ನೇ ನಾವು ತ್ಯಾಗದ ಪ್ರಬೋಧನೆಗಳಲ್ಲಿ ಮಾದರಿಯಾಗಿಸಿಕೊಂಡದ್ದು ಬೇರೆ ಮಾತು. ಗುರುದೀಕ್ಷೆಯ ದಿನ ಮುಂದಿನ ಸಾಲಿನಲ್ಲಿ ಕುಳಿತ ತಾಯಂದಿರನ್ನು ಕಂಡೂ ಅವರ ಬಗ್ಗೆ ನಾವು ಆಡಿದ್ದು ಕಡಿಮೆ.

ಹಾಗೆಂದು ಯಶೋಧರೆಯನ್ನು ಶಿಲುಬೆಯಡಿಯ ಮಾತೆ ಮರಿಯಮ್ಮನವರಿಗೆ ಹೋಲಿಸುವ ಆತುರವೂ ನಮಗೆ ಸಲ್ಲದು. ಅವಳ ದುಃಖ ಅವಳದೇ ಪರಂಪರೆಯದು. ಚಿತ್ರದ ಪ್ರತಿಯೊಂದನ್ನು ಗುರು ಅಭ್ಯರ್ಥಿಗಳ ಮುಂದಿಟ್ಟಾಗ ಅವರು ಮೊದಲು ಬೆರಳಿಟ್ಟು ತೋರಿಸಿದ್ದು ಬುದ್ಧನನ್ನಲ್ಲ, ಆ ಹುಡುಗನನ್ನು.