ಕುರ್ಚಿಯನ್ನೂ ಓದಬೇಕು: ಸಾಹಿತ್ಯ ಅಕಾಡೆಮಿಯ ಜನರಲ್ ಕೌನ್ಸಿಲ್ ಬಗ್ಗೆ

ದಲಿತ ವಿಮರ್ಶೆ ಅಂದ ಕೂಡಲೇ ನಾವು ಪುಸ್ತಕ ಕೈಗೆತ್ತಿಕೊಳ್ಳುತ್ತೇವೆ. ಕಾದಂಬರಿಯೊಳಗೆ ಹೊಲೆಯನ ಪಾತ್ರ ಹೇಗೆ ಬಂದಿದೆ, ಕವಿತೆಯ ಸಿಟ್ಟು ಯಾವ ಕಡೆ ತಿರುಗಿದೆ, ಭಾಷೆ ಕೇರಿಯದೋ ಅಗ್ರಹಾರದ್ದೋ ಎಂದು ನೋಡುತ್ತೇವೆ. ಅದು ಬೇಡ ಅಂತ ನಾನು ಹೇಳುತ್ತಿಲ್ಲ. ನಾಲ್ಕೈದು ದಶಕ ಇದನ್ನು ಮಾಡಿಯೇ ನಮ್ಮ ಹಿರಿಯರು ಕನ್ನಡ ವಿಮರ್ಶೆಯ ಮೈಲಿಗೆ ತೊಳೆದಿದ್ದಾರೆ. ಆದರೆ ಪುಸ್ತಕ ನಮ್ಮ ಕೈಗೆ ಬರುವ ಮೊದಲೇ ಅದರ ಬಗ್ಗೆ ಇನ್ನೊಂದು ವಿಮರ್ಶೆ ನಡೆದುಹೋಗಿರುತ್ತದೆ. ಅದನ್ನು ಯಾರೂ ಬರೆಯುವುದಿಲ್ಲ, ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಯಾವ ಪುಸ್ತಕ ಪ್ರಶಸ್ತಿಗೆ, ಯಾವುದು ಅನುವಾದಕ್ಕೆ, ಯಾರು ಗೋಷ್ಠಿಗೆ, ಯಾರಿಗೆ ಪ್ರವಾಸ ಅನುದಾನ ಎಂದು ಒಂದು ಮೇಜಿನ ಸುತ್ತ ಕೂತು ತೀರ್ಮಾನಿಸುವವರು ಮಾಡುವ ವಿಮರ್ಶೆ ಅದು. ಈ ದೇಶದಲ್ಲಿ ಅಂಥ ಮೇಜುಗಳಲ್ಲಿ ದೊಡ್ಡದು ದೆಹಲಿಯ ಸಾಹಿತ್ಯ ಅಕಾಡೆಮಿಯ ಜನರಲ್ ಕೌನ್ಸಿಲ್. ಅದನ್ನು ಒಂದು ಪಠ್ಯದ ಹಾಗೆ ಓದಲು ಇಲ್ಲಿ ಪ್ರಯತ್ನಪಟ್ಟಿದ್ದೇನೆ.

ಅಕಾಡೆಮಿ ಉದ್ಘಾಟನೆಯಾದದ್ದು 1954ರ ಮಾರ್ಚ್ 12ರಂದು. ಮೊದಲ ಅಧ್ಯಕ್ಷರು ಜವಾಹರಲಾಲ್ ನೆಹರೂ. 1956ರಲ್ಲಿ ಅದು 1860ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ನೋಂದಾಯಿತವಾಯಿತು. ದುಡ್ಡು ಕೇಂದ್ರ ಸರ್ಕಾರದ್ದು. ಅಂದರೆ ಬೆಂಕಿಪೊಟ್ಟಣ ಕೊಳ್ಳುವ ನಮ್ಮವ್ವನದೂ ಹೌದು. ಪ್ರಧಾನಿಯಾದ ತನ್ನನ್ನು ಅಕಾಡೆಮಿಯ ಕೆಲಸದೊಳಗೆ ಮೂಗು ತೂರಿಸಲು ಅಧ್ಯಕ್ಷನಾದ ತಾನು ಬಿಡುವುದಿಲ್ಲ ಎಂಬರ್ಥದ ಮಾತನ್ನು ನೆಹರೂ ಆಡಿದ್ದರೆಂದು ಸಾಹಿತ್ಯ ವಲಯದಲ್ಲಿ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಸ್ವಾಯತ್ತತೆ ಎಂಬ ಶಬ್ದ ಅಲ್ಲಿಂದ ಶುರುವಾಗುತ್ತದೆ.

ಈ ಕೌನ್ಸಿಲ್‌ನೊಳಗೆ ಯಾರಿದ್ದಾರೆ ನೋಡಿ. ಅಧ್ಯಕ್ಷರು, ಹಣಕಾಸು ಸಲಹೆಗಾರರು, ಕೇಂದ್ರ ಸರ್ಕಾರದ ಐದು ಜನ, ರಾಜ್ಯಗಳಿಂದ ಒಬ್ಬೊಬ್ಬರು, ಅಕಾಡೆಮಿ ಮಾನ್ಯ ಮಾಡಿದ 24 ಭಾಷೆಗಳಿಂದ ಒಬ್ಬೊಬ್ಬರು, ವಿಶ್ವವಿದ್ಯಾಲಯಗಳ 20 ಪ್ರತಿನಿಧಿಗಳು, ಸಾಹಿತ್ಯದಲ್ಲಿ ಹೆಸರು ಮಾಡಿದವರೆಂದು ಎಂಟು ಜನ, ಜೊತೆಗೆ ಸೋದರ ಸಂಸ್ಥೆಗಳವರು. ಓದುತ್ತಾ ಹೋದರೆ ಇಡೀ ಭಾರತವೇ ಕೂತಿದೆ ಅನ್ನಿಸುತ್ತದೆ. ಭಾಷೆ ಇದೆ, ರಾಜ್ಯ ಇದೆ, ವಿಶ್ವವಿದ್ಯಾಲಯ ಇದೆ. ಈ ದೇಶದ ಸಾಹಿತ್ಯವನ್ನು ಅಡ್ಡಡ್ಡ ಸೀಳಿರುವ ಜಾತಿ ಮಾತ್ರ ಆ ಪಟ್ಟಿಯ ಯಾವ ಸಾಲಿನಲ್ಲೂ ಇಲ್ಲ. ಇಲ್ಲ ಎನ್ನುವುದೇ ಅದರ ಇರುವಿಕೆ. ಯಾಕೆಂದರೆ ಹೆಸರು ಹೇಳದೆ ಕೂರುವ ಜಾತಿಗೆ ಪ್ರತ್ಯೇಕ ಕುರ್ಚಿ ಬೇಕಾಗಿಲ್ಲ, ಎಲ್ಲ ಕುರ್ಚಿಗಳೂ ಅದಕ್ಕೆ ಒಗ್ಗುತ್ತವೆ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ರಾಜ್ಯ ಸರ್ಕಾರ ಮೂರು ಹೆಸರು ಕಳಿಸುತ್ತದೆ, ವಿಶ್ವವಿದ್ಯಾಲಯಗಳು ಹೆಸರು ಕಳಿಸುತ್ತವೆ, ಸಾಹಿತ್ಯ ಸಂಸ್ಥೆಗಳೂ ಕಳಿಸುತ್ತವೆ. ಅದರಲ್ಲಿ ಯಾರು ಒಳಗೆ ಬರಬೇಕು ಎಂದು ಆರಿಸುವವರು ಯಾರು? ಅವಧಿ ಮುಗಿಸಿ ಎದ್ದು ಹೋಗುತ್ತಿರುವ ಹಳೆಯ ಕೌನ್ಸಿಲ್‌ನವರು. ಆ ಎಂಟು ಜನ ಹೆಸರಾಂತರನ್ನು ಚುನಾಯಿಸುವವರೂ ಅವರೇ. ಅಂದರೆ ಐದು ವರ್ಷಕ್ಕೊಮ್ಮೆ ಹಿರಿಯ ಸ್ವಾಮಿಗಳು ಕಿರಿಯ ಸ್ವಾಮಿಯನ್ನು ಆರಿಸಿಕೊಳ್ಳುವ ಹಾಗೆ. ಮಠ ಅಂದರೆ ಕೋಪ ಬರಬಹುದು. ಒಳ್ಳೆಯ ಮಠಗಳೂ ಇವೆ, ಒಳ್ಳೆಯ ಕಿರಿಯ ಸ್ವಾಮಿಗಳೂ ಬಂದಿದ್ದಾರೆ. ನನ್ನ ತಕರಾರು ವ್ಯಕ್ತಿಗಳ ಬಗ್ಗೆ ಅಲ್ಲ. ಅಭಿರುಚಿ ಅನ್ನೋದು ಇಲ್ಲಿ ಆಸ್ತಿಯ ಹಾಗೆ ಕೈಯಿಂದ ಕೈಗೆ ದಾಟುತ್ತದೆ ಎನ್ನುವುದು ನನ್ನ ಮಾತು. ಸರ್ಕಾರದಿಂದ ಸ್ವಾಯತ್ತತೆ ಬೇಕು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಹಳೆಯ ಸದಸ್ಯರ ಅಭಿರುಚಿಯಿಂದ ಹೊಸ ಸದಸ್ಯರಿಗೆ ಸ್ವಾಯತ್ತತೆ ಎಲ್ಲಿಂದ ಬರಬೇಕು?

ಇಲ್ಲಿ ಬಾಬಾಸಾಹೇಬರನ್ನು ನೆನೆಯದೆ ಮುಂದೆ ಹೋಗಲಾಗದು. 1932ರ ಕೋಮುವಾರು ತೀರ್ಪು ಅಸ್ಪೃಶ್ಯರಿಗೆ ಪ್ರತ್ಯೇಕ ಮತದಾರ ವರ್ಗ ಕೊಟ್ಟಿತ್ತು. ಗಾಂಧಿ ಯೆರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದವಾಯಿತು. ಸೀಟು ಹೆಚ್ಚಾದವು, 148 ಆದವು. ನಮ್ಮ ಜನ ಮೊದಲು ನಾಲ್ಕು ಹೆಸರಿನ ಪಟ್ಟಿ ಆರಿಸಬಹುದು, ಆ ನಾಲ್ವರಲ್ಲಿ ಒಬ್ಬರನ್ನು ಗೆಲ್ಲಿಸುವುದು ಮಾತ್ರ ಜಂಟಿ ಮತದಾರರು. ನಮ್ಮ ಪ್ರತಿನಿಧಿ ಇತರರ ಮತದಿಂದ ಗೆದ್ದರೆ ಅವನು ಯಾರಿಗೆ ಜವಾಬು ಕೊಡಬೇಕು ಎಂಬ ಪ್ರಶ್ನೆಯನ್ನು ಅಂಬೇಡ್ಕರ್ ಆಮೇಲೆ ಎಷ್ಟೋ ವರ್ಷ ಬಿಡಲಿಲ್ಲ. ಅಲ್ಲಿ ನಾಲ್ಕು ಹೆಸರು, ಅಕಾಡೆಮಿಯಲ್ಲಿ ಮೂರು. ವ್ಯತ್ಯಾಸ ಏನೆಂದರೆ ಅಲ್ಲಿ ಪಟ್ಟಿಯನ್ನಾದರೂ ನಮ್ಮವರು ಮಾಡುತ್ತಿದ್ದರು. ಇಲ್ಲಿ ಪಟ್ಟಿಯೂ ಅವರದೇ, ಆಯ್ಕೆಯೂ ಅವರದೇ. ಹೀಗಿರುವಾಗ ಕೌನ್ಸಿಲ್‌ನಲ್ಲಿ ಎಷ್ಟು ಜನ ದಲಿತರಿದ್ದಾರೆ ಎಂದು ತಲೆ ಎಣಿಸುವುದು ಅರ್ಧ ಪ್ರಶ್ನೆ. ಅವರನ್ನು ಯಾರು ಕರೆತಂದರು ಎಂಬುದು ಉಳಿದರ್ಧ.

ಪಟ್ಟಿ ಅಂದೆನಲ್ಲ, ಅದರ ಬಗ್ಗೆ ಒಂದು ಅನುಭವ ಹೇಳಬೇಕು. ನಾನು ಎಂ.ಎ. ಓದುವಾಗ ಮೇಷ್ಟ್ರೊಬ್ಬರು ಒಂದು ಸಂಸ್ಥೆಯ ಬಹುಮಾನಕ್ಕೆ ಪುಸ್ತಕಗಳ ಪಟ್ಟಿ ಮಾಡಿಕೊಡಬೇಕಿತ್ತು. ಸಂಸ್ಥೆಯ ಹೆಸರು ಬೇಡ, ಎಲ್ಲ ಕಡೆ ಹೀಗೇ ಇರಬಹುದು. ನೀನು ಲೈಬ್ರರಿಗೆ ಹೋಗಿ ಬರೆದುಕೊಂಡು ಬಾರಪ್ಪ ಅಂದರು. ಹೋದೆ. ಹೊಸ ಪುಸ್ತಕಗಳ ಕಪಾಟು, ನಾಲ್ಕು ದೊಡ್ಡ ಪ್ರಕಾಶಕರ ಕ್ಯಾಟಲಾಗು, ಭಾನುವಾರದ ಪುರವಣಿಯಲ್ಲಿ ಬಂದ ವಿಮರ್ಶೆಗಳು. ಎರಡು ದಿನದಲ್ಲಿ ಪಟ್ಟಿ ರೆಡಿಯಾಯಿತು. ಮೇಷ್ಟ್ರು ನೋಡಿ ಚೆನ್ನಾಗಿದೆ ಅಂದರು. ಅದೇ ವಾರ ನಮ್ಮ ಹಾಸ್ಟೆಲ್ಲಿನಲ್ಲಿ ಒಂದು ಕವನ ಸಂಕಲನ ಕೈಯಿಂದ ಕೈಗೆ ಓಡಾಡುತ್ತಿತ್ತು. ಹಿಂದಿನ ಬ್ಯಾಚಿನ ಹುಡುಗನೊಬ್ಬ ಸ್ಕಾಲರ್‌ಶಿಪ್ ದುಡ್ಡಿನಲ್ಲಿ ಅಚ್ಚು ಹಾಕಿಸಿದ್ದು, ಪಿನ್ನು ಹೊಡೆದ ಪುಸ್ತಕ. ನಾನೂ ಓದಿದ್ದೆ, ರಾತ್ರಿ ನಿದ್ದೆ ಬಂದಿರಲಿಲ್ಲ. ಆದರೆ ಪಟ್ಟಿ ಬರೆಯುವಾಗ ಅದು ನನ್ನ ತಲೆಗೇ ಹೊಳೆಯಲಿಲ್ಲ. ಯಾರೂ ತಡೆದಿರಲಿಲ್ಲ. ಮೇಷ್ಟ್ರು ಜಾತಿವಾದಿಯಲ್ಲ, ನಾನು ಕೇರಿಯ ಹುಡುಗ. ಆದರೂ ಅದು ‘ಪುಸ್ತಕ’ ಅಂತ ನನಗೆ ಕಾಣಿಸಿರಲಿಲ್ಲ.

ಅಕಾಡೆಮಿಯ ಪ್ರಶಸ್ತಿಯ ದಾರಿಯೂ ಹೀಗೆ ಪಟ್ಟಿಯಿಂದಲೇ ಶುರು. ಮೊದಲು ತಜ್ಞರು ಅರ್ಹ ಪುಸ್ತಕಗಳ ಪಟ್ಟಿ ಮಾಡುತ್ತಾರೆ, ಭಾಷಾ ಸಲಹಾ ಮಂಡಳಿಯವರು ಸೇರಿಸಬಹುದು, ಆಮೇಲೆ ಹತ್ತು ಜನರ ಶಿಫಾರಸು, ಕೊನೆಗೆ ಮೂವರು ತೀರ್ಪುಗಾರರು, ಮುದ್ರೆ ಒತ್ತುವುದು ಕಾರ್ಯಕಾರಿ ಮಂಡಳಿ. ನಾವು ಜಗಳ ಆಡುವುದು ಆ ಮೂವರ ಮೇಲೆ, ಅದೂ ಡಿಸೆಂಬರ್ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಬೀಳಬೇಕಾದದ್ದೆಲ್ಲ ಸದ್ದಿಲ್ಲದೆ ಬಿದ್ದು ಆಗಿರುತ್ತದೆ. ಗೆದ್ದ ಪುಸ್ತಕಕ್ಕೆ ನಾಲ್ಕು ಹೊಗಳಿಕೆಯ ಮಾತಿನ ವಾಚನ ಇರುತ್ತದೆ, ತೀರ್ಪುಗಾರರ ಹೆಸರೂ ಪ್ರಕಟವಾಗುತ್ತದೆ. ಬಿದ್ದದ್ದು ಯಾಕೆ ಬಿತ್ತು ಎನ್ನುವುದಕ್ಕೆ ಕಾರಣ ಬರೆಯುವ ಕಷ್ಟ ಯಾರಿಗೂ ಇಲ್ಲ. ಕಾರಣ ಕೊಡದೆ ತಿರಸ್ಕರಿಸುವುದನ್ನು ಅನುಭವಿಸಿದ ಜನ ನಾವು, ಆ ರುಚಿ ನಮಗೆ ಗುರುತು ಸಿಗುತ್ತದೆ.

ಕನ್ನಡಕ್ಕೆ ಮೊದಲ ಪ್ರಶಸ್ತಿ ಬಂದದ್ದು 1955ರಲ್ಲಿ, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೃತಿಗೆ. ದೇವನೂರ ಮಹಾದೇವರ ‘ಕುಸುಮಬಾಲೆ’ಗೆ ಬಂದದ್ದು 1990ರಲ್ಲಿ. ನಡುವೆ 35 ವರ್ಷ. ಮೂಡ್ನಾಕೂಡು ಚಿನ್ನಸ್ವಾಮಿಯವರಿಗೆ ಬಂದದ್ದು 2022ರಲ್ಲಿ. ಅಲ್ಲಿಗೆ ಇನ್ನೊಂದು 32 ವರ್ಷ. ಆ ಕಾಲದಲ್ಲಿ ಕನ್ನಡದ ದಲಿತ ಕಾವ್ಯ, ದಲಿತ ಆತ್ಮಕಥನ ಏನೇನು ಕೊಟ್ಟವು ಎಂದು ಈ ಪತ್ರಿಕೆಯ ಓದುಗರಿಗೆ ನಾನು ಪಾಠ ಮಾಡಬೇಕಾಗಿಲ್ಲ. 1975ರಲ್ಲಿ ‘ಹೊಲೆಮಾದಿಗರ ಹಾಡು’ ತಂದು ಕನ್ನಡ ಕಾವ್ಯದ ದನಿಯನ್ನೇ ಬದಲಿಸಿದ ಸಿದ್ಧಲಿಂಗಯ್ಯ 2021ರಲ್ಲಿ ತೀರಿಕೊಂಡರು. ಅವರಿಗೆ ಪ್ರಾಧಿಕಾರಗಳ ಕುರ್ಚಿ ಸಿಕ್ಕಿತು, ವಿಧಾನ ಪರಿಷತ್ತು ಸಿಕ್ಕಿತು, ಸಮ್ಮೇಳನದ ಅಧ್ಯಕ್ಷತೆ ಸಿಕ್ಕಿತು. ಈ ಪ್ರಶಸ್ತಿ ಸಿಗಲಿಲ್ಲ. ಪ್ರಶಸ್ತಿ ಸಿಗದಿದ್ದರೆ ಅವರ ಹಾಡೇನೂ ನಿಲ್ಲಲಿಲ್ಲ ಎನ್ನುವವರಿದ್ದಾರೆ, ನಾನೂ ಒಪ್ಪುತ್ತೇನೆ. ಆದರೆ ಪ್ರಶಸ್ತಿ ಪಡೆದ ಕೃತಿಯನ್ನು ಇತರ ಭಾಷೆಗಳಿಗೆ ಅನುವಾದ ಮಾಡಿಸುವುದು ಅಕಾಡೆಮಿಯ ಕೆಲಸ. ಮರಾಠಿಯಲ್ಲಿ ಲಕ್ಷ್ಮಣ ಮಾನೆಯವರ ‘ಉಪರಾ’ಕ್ಕೆ 1981ರಲ್ಲಿ, ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ಕ್ಕೆ 1988ರಲ್ಲಿ ಪ್ರಶಸ್ತಿ ಬಂತು. ಅಲೆಮಾರಿಗಳ, ಕಳ್ಳರೆಂದು ಹಣೆಪಟ್ಟಿ ಹೊತ್ತವರ ಆತ್ಮಕಥೆಗಳು ಸಾಹಿತ್ಯ ಹೌದು ಎಂದು ಅಲ್ಲಿನ ಮೇಜು ಒಪ್ಪಿತು. ಅಂದರೆ ಇದೇ ಅಕಾಡೆಮಿಯೊಳಗೆ ಬೇರೆ ಥರ ಆಗಲು ಸಾಧ್ಯವಿತ್ತು.

ಕರ್ನಾಟಕದವರಾದ ನಮಗೆ ಈ ಕೌನ್ಸಿಲ್ ದೂರದ್ದೇನಲ್ಲ. ಗೋಕಾಕರು 1983ರಲ್ಲಿ, ಅನಂತಮೂರ್ತಿ 1993ರಲ್ಲಿ ಅಧ್ಯಕ್ಷರಾದರು. 2018ರ ಫೆಬ್ರವರಿಯಲ್ಲಿ ಚಂದ್ರಶೇಖರ ಕಂಬಾರರು 56 ಮತ ಪಡೆದು ಗೆದ್ದಾಗ ಕನ್ನಡ ಪತ್ರಿಕೆಗಳು ಅದನ್ನು ಕನ್ನಡದ ಗೆಲುವು ಎಂದೇ ಬರೆದವು. ಘೋಡಗೇರಿಯ ಕಮ್ಮಾರರ ಮನೆಯ ಹುಡುಗ ನೆಹರೂ ಕೂತಿದ್ದ ಕುರ್ಚಿಯಲ್ಲಿ ಕೂರುವುದು ಸಣ್ಣ ವಿಷಯ ಅಲ್ಲ, ನನಗೂ ಖುಷಿಯಾಗಿತ್ತು. ಆದರೆ ಮತ ಹಾಕಿದವರು ಅದೇ ರೀತಿ ಆರಿಸಿಕೊಂಡು ಬಂದವರು, ನಿಯಮವೂ ಅದೇ. (1954ರಿಂದ ಈವರೆಗೆ ಒಬ್ಬ ಹೆಂಗಸೂ ಅಧ್ಯಕ್ಷೆಯಾಗಿಲ್ಲ. ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಇದನ್ನು ಆವರಣದೊಳಗೆ ಬರೆಯುವುದು ನನ್ನದೂ ಒಂದು ದೋಷವೇ.)

2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಮನೆಯ ಬಾಗಿಲಲ್ಲಿ ಕೊಂದರು. ಅವರು ಅಕಾಡೆಮಿ ಪ್ರಶಸ್ತಿ ಪಡೆದವರು. ಅಕಾಡೆಮಿ ಬಾಯಿ ಬಿಡಲಿಲ್ಲ ಎಂದು ದೇಶದಾದ್ಯಂತ ಲೇಖಕರು ಪ್ರಶಸ್ತಿ ಹಿಂದಿರುಗಿಸತೊಡಗಿದರು. ಅಕ್ಟೋಬರ್‌ನಲ್ಲಿ ಅರವಿಂದ ಮಾಲಗತ್ತಿ ಜನರಲ್ ಕೌನ್ಸಿಲ್‌ಗೆ ರಾಜೀನಾಮೆ ಕೊಟ್ಟರು, ಶಶಿ ದೇಶಪಾಂಡೆಯವರೂ ಕೊಟ್ಟರು. ಕಾರ್ಯಕಾರಿ ಮಂಡಳಿ ಖಂಡನೆಯ ನಿರ್ಣಯ ಮಾಡಿದ್ದು ಅಕ್ಟೋಬರ್ 23ಕ್ಕೆ. ಆ ವರ್ಷದ ಕೊನೆಗೆ ದೇವನೂರರು ಪ್ರಶಸ್ತಿ ಹಿಂದಿರುಗಿಸಿದರು. ನನಗೆ ಇದರಲ್ಲಿ ಮಾಲಗತ್ತಿಯವರ ನಡೆ ಹೆಚ್ಚು ಕಾಡುತ್ತದೆ. ‘ಗೌರ್ಮೆಂಟ್ ಬ್ರಾಹ್ಮಣ’ ಬರೆದ ಲೇಖಕ ಆ ಮೇಜಿನ ಮುಂದೆ ಕೂತಿದ್ದರು. ಒಳಗೆ ಆಡಿದ ಮಾತು ಬಾಗಿಲು ದಾಟುವುದಿಲ್ಲ, ರಾಜೀನಾಮೆ ಮಾತ್ರ ಪತ್ರಿಕೆಗೆ ಬರುತ್ತದೆ. ಹೀಗಾಗಿ ನಮ್ಮ ಪ್ರತಿನಿಧಿ ಒಳಗಿದ್ದದ್ದು ನಮಗೆ ಕೇಳಿಸಿದ್ದೇ ಅವರು ಹೊರಗೆ ಬಂದಾಗ. ಹೊರಗೆ ಬಂದದ್ದು ಸರಿ. ಆದರೆ ಹೊರಗೆ ಬರುವುದೊಂದೇ ನಮ್ಮವರಿಗೆ ಉಳಿಯುವ ಮಾತಾದರೆ ಅದನ್ನು ಪ್ರಾತಿನಿಧ್ಯ ಅಂತ ಕರೆಯುವುದು ಹೇಗೆ?

2023ರ ಜುಲೈನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೊಂದು ಪ್ರಶಸ್ತಿ ಕೊಡುವ ಮೊದಲೇ ಲೇಖಕರಿಂದ ‘ಹಿಂದಿರುಗಿಸುವುದಿಲ್ಲ’ ಎಂದು ಬರೆಸಿಕೊಳ್ಳಬೇಕೆಂದು ಶಿಫಾರಸು ಮಾಡಿತು. ಮುಚ್ಚಳಿಕೆ! ಜೀತಕ್ಕೆ ಇಟ್ಟ ಮಗನ ಹೆಸರಲ್ಲಿ ಹೆಬ್ಬೆಟ್ಟು ಒತ್ತಿದ ಅಪ್ಪಂದಿರ ಮೊಮ್ಮಕ್ಕಳಿಗೆ ಈ ಕಾಗದ ಹೊಸದಲ್ಲ.

ಹಾಗಾದರೆ ಸರ್ಕಾರವೇ ನೇಮಿಸಲಿ ಎನ್ನೋಣವೇ? ನಮ್ಮ ರಾಜ್ಯದ ಅಕಾಡೆಮಿಗಳಲ್ಲಿ ನಡೆಯುತ್ತಿರುವುದು ಅದೇ. 2019ರಲ್ಲಿ ಸರ್ಕಾರ ಬದಲಾದದ್ದೇ ಎಲ್ಲ ಅಕಾಡೆಮಿಗಳ ನೇಮಕ ರದ್ದಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬದಲಾವಣೆ, ಹೊಸ ಅಧ್ಯಕ್ಷರು ಬರುವಾಗ 2024ರ ಮಾರ್ಚ್. ಕಲಾವಿದ ಅಲ್ಲಿಯವರೆಗೆ ಅರ್ಜಿ ಹಿಡಿದು ಕಾಯಬೇಕು. ಆದರೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಗೆಳೆಯರು ಬೈದರೂ ಪರವಾಗಿಲ್ಲ: ಮಂತ್ರಿ ಮಾಡಿದ ಪಟ್ಟಿಯ ಮುಂದೆ ನಾವು ಧರಣಿ ಕೂರಬಹುದು. ಎಡಗೈಯವರು ಎಷ್ಟು, ಅಲೆಮಾರಿಗಳು ಎಷ್ಟು ಅಂತ ಕೇಳಬಹುದು, ಕೇಳಿದ್ದೇವೆ, ಕೆಲವು ಸಲ ಪಟ್ಟಿ ತಿದ್ದಿಸಿದ್ದೇವೆ. ತನ್ನನ್ನು ತಾನೇ ಹೆರುವ ಮಂಡಳಿಯ ಮುಂದೆ ಎಲ್ಲಿ ಕೂರುವುದು? ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೇಳಿದಾಗ ಸಾಹಿತ್ಯದಲ್ಲಿ ಅಂಥ ಭೇದವಿಲ್ಲ ಎಂಬ ಉತ್ತರ ಬಂದಿತ್ತು. 1979ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಮ್ಮೇಳನ ಆದದ್ದು ಆ ಉತ್ತರಕ್ಕೆ. ಅವತ್ತು ನಮ್ಮವರು ಬೇರೆ ಚಪ್ಪರ ಹಾಕಿದರು. ಆದರೆ ಸಾರ್ವಜನಿಕ ದುಡ್ಡಿನ ಚಪ್ಪರ ಬಿಟ್ಟುಕೊಟ್ಟು ಪ್ರತಿಸಲ ಸ್ವಂತ ಚಪ್ಪರ ಹಾಕುತ್ತಾ ಹೋಗಲು ನಮ್ಮಲ್ಲಿ ಬಿದಿರು ಎಲ್ಲಿದೆ?

ಈಗಿನ ಕೌನ್ಸಿಲ್ ಬಂದದ್ದು 2023ರಲ್ಲಿ, ಅವಧಿ ಐದು ವರ್ಷ. ಅದು ಏಳುವ ಮೊದಲು ನಮ್ಮ ವಿಶ್ವವಿದ್ಯಾಲಯಗಳಿಂದ, ನಮ್ಮ ಸರ್ಕಾರದಿಂದ ಮತ್ತೆ ಹೆಸರುಗಳು ಹೋಗುತ್ತವೆ. ಕಳೆದ ಸಲ ಯಾವ ಯಾವ ಹೆಸರು ಹೋಗಿದ್ದವು, ಯಾವ ಸಭೆಯಲ್ಲಿ ತೀರ್ಮಾನವಾಯಿತು, ಆ ಸಭೆಯಲ್ಲಿ ಯಾರಿದ್ದರು ಎಂದು ಕುಲಸಚಿವರ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ವಿದ್ಯಾರ್ಥಿ ಮಿತ್ರರು ನಿಮ್ಮ ನಿಮ್ಮ ವಿಶ್ವವಿದ್ಯಾಲಯದಲ್ಲಿ ಹಾಕಿ, ಬಂದ ಉತ್ತರವನ್ನು ಈ ಪತ್ರಿಕೆಗೆ ಕಳಿಸಿ. ಒಂದೇ ವಿಷಯ ಇರಬೇಕು, 150 ಪದ ಮೀರಬಾರದು, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಬೇಕು.