ಶಿವಮ್ಮನ ಜೊತೆ ನಕ್ಕಿದ್ದು

ಜೈಶಂಕರ್ ಆರ್ಯರ್ ಅವರ 'ಶಿವಮ್ಮ ಯರೇಹಂಚಿನಾಳ' 2022ರಲ್ಲಿ ದೂರದ ಬೂಸಾನಿನಲ್ಲಿ ಪ್ರಶಸ್ತಿ ಪಡೆಯಿತು, 2024ರಲ್ಲಿ ಇಲ್ಲಿ ತೆರೆಗೆ ಬಂತು. ಸ್ಟಾರ್ ಇಲ್ಲ. ಕೊಪ್ಪಳ ಜಿಲ್ಲೆಯ ಆ ಹಳ್ಳಿ ಮಂದಿಯೇ ನಟರು. ಶಿವಮ್ಮ ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆಯವಳು. ಬಡತನ ನೀಗೋಕೆ ಮಗಳ ಮದುವೆ ದುಡ್ಡನ್ನ ಚೈನ್ ವ್ಯಾಪಾರಕ್ಕೆ ಸುರಿದು, ಶಕ್ತಿಪೇಯ ಮಾರೋಕೆ ಊರೆಲ್ಲಾ ತಿರುಗ್ತಾಳೆ. ಇದರಲ್ಲಿ ನಗೋದೇನಿದೆ? ಆದರೂ ನಕ್ಕೆವು. ಮಾಲೂರು, ನರಸಾಪುರದ ಕಾರ್ಖಾನೆ ಬಸ್ಸಿಗೆ ಬೆಳಗಿನ ಜಾವ ಕಾಯುವ, ಡಿಗ್ರಿ ಮುಗಿಸಿದ ನಾವೂ ಇಂಥ ಮೀಟಿಂಗುಗಳಲ್ಲಿ ಟೈ ಕಟ್ಟಿಕೊಂಡು ಚಪ್ಪಾಳೆ ತಟ್ಟಿದವರೇ.

ಚಿತ್ರ ಅವಳನ್ನ ಪೆದ್ದಿ ಅನ್ನೋದಿಲ್ಲ, ಅದು ದೊಡ್ಡದು. ಕೇಂದ್ರ 2009ರಲ್ಲಿ ಅಡುಗೆಯವರಿಗೆ ಗೊತ್ತುಮಾಡಿದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ಅದಕ್ಕೆ ಹೆಸರು 'ಗೌರವಧನ'. ಸಂಬಳ ಅಂದರೆ ಹಕ್ಕು ಕೇಳಿಯಾರಲ್ಲ!

ನಮ್ಮ ತಕರಾರು ಒಂದಿದೆ. ಆ ಸೌಟೂ ಎಲ್ಲರ ಕೈಗೆ ದಕ್ಕೋದಿಲ್ಲ. 2014ರಲ್ಲಿ ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿಯಲ್ಲಿ ದಲಿತ ಹೆಣ್ಣುಮಗಳು ಬೇಯಿಸಿದ್ದನ್ನ ಉಣ್ಣಬಾರದು ಅಂತ ಮಕ್ಕಳನ್ನ ಶಾಲೆಯಿಂದಲೇ ಬಿಡಿಸಿದರು. ಅಂಥವಳು ಬಾಟಲಿ ಹಿಡಿದು ಹೊರಟರೆ ಯಾವ ಬಾಗಿಲು ತೆರೆದೀತು? ಕಥೆ ನಮ್ಮ ಕಡೆ ನಡೆದಿದ್ದರೆ ಅಲ್ಲಿಂದ ಶುರುವಾಗಬೇಕಿತ್ತು. ಶ್ರೀನಿವಾಸಪುರದ ಮೇಷ್ಟ್ರೇ, ನಿಮ್ಮ ಶಾಲೆಯಲ್ಲಿ ಅಡುಗೆ ಮಾಡೋರು ಯಾರು?