ಬ್ರಾಂಕ್ಸಿನ ಹಿರಿಯರು, ನಮ್ಮ ತಾತನ ತಮಟೆ

೨೦೨೩ರ ಆಗಸ್ಟ್ ೧೧ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಯಾಂಕೀ ಸ್ಟೇಡಿಯಮ್ಮಿನಲ್ಲಿ, ಹಿಪ್‌ಹಾಪ್‌ಗೆ ಐವತ್ತು ತುಂಬಿತು ಅಂತ ಹಾಡಿನ ದೊಡ್ಡ ಜಾತ್ರೆಯೊಂದು ನಡೆಯಿತು. ನಾನು ಅಲ್ಲಿರಲಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ತುಂಡು ತುಂಡಾಗಿ ತೋರಿಸಿದ. ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ನೋಡಿದವಳ ವಿಮರ್ಶೆ ಇದು. ಓದುವವರು ಅಷ್ಟರ ಮಟ್ಟಿಗೇ ತೆಗೆದುಕೊಳ್ಳಬೇಕು. "ಮೇಡಂ, ಇವರೂ ನಮ್ಮೋರೇ ಅಲ್ವಾ?" ಅಂತ ಅವನು ಕೇಳಿದ. ಹೌದು ಅನ್ನುವುದಕ್ಕೆ ಬಾಯಿ ತೆರೆದವಳು ಸುಮ್ಮನಾದೆ. ಅಷ್ಟು ಸಲೀಸಾಗಿ ಹೌದು ಅನ್ನಬಾರದು ಅನ್ನಿಸಿತು.

ಆ ಸ್ಟೇಡಿಯಮ್ಮಿನಿಂದ ಎರಡು ಮೈಲಿಯೂ ಇಲ್ಲ, ೧೫೨೦ ಸೆಡ್ಜ್‌ವಿಕ್ ಅವೆನ್ಯೂ ಅನ್ನೋ ವಠಾರ. ೧೯೭೩ರ ಆಗಸ್ಟ್ ೧೧ರಂದು ಅಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿ, ಶಾಲೆ ಶುರುವಾಗುವುದಕ್ಕೆ ಮುಂಚೆ ಹೊಸ ಬಟ್ಟೆಗೆ ದುಡ್ಡು ಹೊಂದಿಸಲು ಒಂದು ಪಾರ್ಟಿ ಇಟ್ಟಳು. ಹುಡುಗಿಯರಿಗೆ ೨೫ ಸೆಂಟು, ಹುಡುಗರಿಗೆ ೫೦ ಸೆಂಟು. ರೆಕಾರ್ಡು ಹಾಕಲು ನಿಂತವನು ಅವಳ ಅಣ್ಣ ಕ್ಲೈವ್, ಅಂದರೆ ಡಿಜೆ ಕೂಲ್ ಹರ್ಕ್. ಜಮೈಕಾದಿಂದ ಬಂದ ಕುಟುಂಬದ ಹುಡುಗ. ಚರಿತ್ರೆ ಬರೆಯುವವರು ಅಣ್ಣನನ್ನು ಪಿತಾಮಹ ಅನ್ನುತ್ತಾರೆ. ಲೆಕ್ಕ ಹಾಕಿ, ಜನ ಸೇರಿಸಿ, ಜಾಗ ಹಿಡಿದ ತಂಗಿಗೆ ಅಂಥ ಬಿರುದಿಲ್ಲ.

ಆಗಿನ ಬ್ರಾಂಕ್ಸ್ ಎಂಥದ್ದು ಅಂದರೆ, ರಾಬರ್ಟ್ ಮೋಸಸ್ ಎಂಬ ಅಧಿಕಾರಿ ಬಡವರ ಕೇರಿಗಳನ್ನು ಸೀಳಿ ಹೆದ್ದಾರಿ ತೆಗೆಸಿದ್ದ. ಉಳಿದ ಕಟ್ಟಡಗಳಲ್ಲಿ ಎಷ್ಟನ್ನೋ ಮಾಲೀಕರೇ ವಿಮೆಯ ಹಣಕ್ಕಾಗಿ ಸುಡಿಸುತ್ತಿದ್ದರು. ಅಲ್ಲಿ ಹರ್ಕ್ ಕಂಡುಕೊಂಡದ್ದು ಒಂದು ಸಣ್ಣ ಸಂಗತಿ. ಹಾಡುಗಾರ ಸುಮ್ಮನಾಗಿ ಡ್ರಮ್ ಮಾತ್ರ ಉಳಿಯುವ ತುಣುಕು ಬಂದಾಗ ಕುಣಿಯುವವರಿಗೆ ಮೈದುಂಬುತ್ತದೆ. ಹಾಗಾಗಿ ಒಂದೇ ರೆಕಾರ್ಡಿನ ಎರಡು ಪ್ರತಿ ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಆ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಶುರು ಮಾಡಿದ. ಹಾಡನ್ನು ಪಕ್ಕಕ್ಕಿಟ್ಟು ವಾದ್ಯದವನ ಕೈಯನ್ನು ಮುಂದಕ್ಕೆ ತಂದ. ನನ್ನ ಮಟ್ಟಿಗೆ ಇದು ಸೌಂದರ್ಯಶಾಸ್ತ್ರದಲ್ಲೇ ಆದ ಪಲ್ಲಟ. ಮುಂಬಯಿಯ ಹುಡುಗರು ಅಮೆರಿಕದ ಕಪ್ಪು ಜನರ ಸಂಘಟನೆಯಿಂದ ಹೆಸರು ತಂದು ದಲಿತ ಪ್ಯಾಂಥರ್ಸ್ ಕಟ್ಟಿದ್ದು ೧೯೭೨ರಲ್ಲಿ. ನಮ್ಮಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಬೆಂಕಿ ಬಿದ್ದದ್ದು ೧೯೭೩ರ ಕೊನೆಗೆ. ಈ ವರ್ಷಗಳನ್ನು ಒಟ್ಟಿಗಿಟ್ಟು ಪುಳಕಗೊಳ್ಳುವುದು ಸುಲಭ. ನಾನೂ ಎಂ.ಎ. ಓದುವಾಗ ಪುಳಕಗೊಂಡವಳೇ.

ಕಛೇರಿಯ ಪೋಸ್ಟರ್ ನೋಡಿ. ಮೇಲೆ ರನ್-ಡಿಎಂಸಿ, ಸ್ನೂಪ್ ಡಾಗ್, ಲಿಲ್ ವೇನ್, ಐಸ್ ಕ್ಯೂಬ್. ಬೇರೆಯಾಗಿ 'ಹಿಪ್‌ಹಾಪಿನ ಆಧಾರಸ್ತಂಭಗಳು' ಅಂತ ಒಂದು ಕಂತು: ಕರ್ಟಿಸ್ ಬ್ಲೋ, ಮೆಲಿ ಮೆಲ್, ಸ್ಕಾರ್ಪಿಯೊ, ರೊಕ್ಸಾನ್ ಶಾಂಟೆ, ಶುಗರ್‌ಹಿಲ್ ಗ್ಯಾಂಗ್. ಮತ್ತೆ 'ರಾಣಿಯರು' ಅಂತ ಇನ್ನೊಂದು ಕಂತು. ಇದನ್ನು ಎಲ್ಲೋ ಕಂಡಿದ್ದೀನಲ್ಲ ಅನ್ನಿಸಿತು. ೧೯೭೯ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೇಳಿ, ಇಲ್ಲ ಅನ್ನಿಸಿಕೊಂಡು, ನಮ್ಮ ಹಿರಿಯರು ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಮ್ಮೇಳನ ಮಾಡಿದರು. ಈಗ ಗೋಷ್ಠಿ ಸಿಕ್ಕಿದೆ. ಊಟಕ್ಕೆ ಜನ ಎದ್ದು ಹೋಗುವ ಹೊತ್ತಿಗೆ, ಮಹಿಳಾ ಗೋಷ್ಠಿಯ ಪಕ್ಕದಲ್ಲಿ. ನಾನು ಬರೆಯುತ್ತಿರುವ ಈ ವಿಶೇಷಾಂಕವೂ ಒಂದು ಗೋಷ್ಠಿಯೇ ಅಲ್ಲವೇ? ಸಂಪಾದಕರು ಬೇಜಾರು ಮಾಡಿಕೊಳ್ಳಬಾರದು.

ಸ್ತಂಭಗಳಲ್ಲೂ ಯಾರು ಸ್ತಂಭ ಅನ್ನೋ ಜಗಳವಿದೆ. ಶುಗರ್‌ಹಿಲ್ ಗ್ಯಾಂಗಿನ 'ರ‍್ಯಾಪರ್ಸ್ ಡಿಲೈಟ್' ೧೯೭೯ರಲ್ಲಿ ಬಂತು. ಲೋಕಕ್ಕೆ ರ‍್ಯಾಪ್ ಗೊತ್ತಾದದ್ದೇ ಅದರಿಂದ. ಅದರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಹೇಳಿದ ಪ್ರಾಸಗಳು ಅವನವಲ್ಲ, ಬ್ರಾಂಕ್ಸಿನ ಗ್ರ‍್ಯಾಂಡ್‌ಮಾಸ್ಟರ್ ಕ್ಯಾಜ್‌ನವು. ಪೀಜಾ ಅಂಗಡಿಯಲ್ಲಿ ಕೆಲಸಕ್ಕಿದ್ದ ಹ್ಯಾಂಕ್ ಗೆಳೆಯನ ಪುಸ್ತಕದಿಂದ ಎತ್ತಿಕೊಂಡ. ಎಷ್ಟು ಅವಸರದಲ್ಲಿ ಅಂದರೆ, ಕ್ಯಾಜ್ ತನ್ನ ಆಗಿನ ಹೆಸರನ್ನೇ ಅಕ್ಷರ ಅಕ್ಷರವಾಗಿ ಹೇಳಿಕೊಳ್ಳುವ ಜಾಗವೂ ಹಾಗೇ ಉಳಿದುಬಿಟ್ಟಿದೆ. ಕದ್ದ ಹಾಡಿನೊಳಗೆ ಒಡೆಯನ ಹೆಸರು ನಲವತ್ತೈದು ವರ್ಷಗಳಿಂದ ಕೂಗುತ್ತಲೇ ಇದೆ, ಹಣ ಮಾತ್ರ ಅವನಿಗೆ ಬರಲಿಲ್ಲ. ಕೇರಿಯ ಅಜ್ಜಿಯರ ಬಾಯಿಂದ ಹಾಡು ಬರೆದುಕೊಂಡು ಹೊದಿಕೆಯ ಮೇಲೆ ಸಂಗ್ರಾಹಕರ ಹೆಸರು ಅಚ್ಚು ಹಾಕಿಸಿದ ಜಾನಪದ ಪುಸ್ತಕಗಳು ನಮ್ಮ ಗ್ರಂಥಾಲಯಗಳಲ್ಲೂ ಬೇಕಾದಷ್ಟಿವೆ.

ಇದಕ್ಕಿಂತ ನನ್ನನ್ನು ಕಾಡಿದವನು ಆ ವೇದಿಕೆಗೆ ಬರಲಾಗದ ಒಬ್ಬ. ಕ್ಲೈಡ್ ಸ್ಟಬಲ್‌ಫೀಲ್ಡ್, ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್. ೧೯೭೦ರಲ್ಲಿ ಬಂದ 'ಫಂಕಿ ಡ್ರಮ್ಮರ್'ನಲ್ಲಿ ಅವನು ಒಬ್ಬನೇ ಬಾರಿಸುವ ಸಣ್ಣ ಜಾಗವನ್ನು ಪಬ್ಲಿಕ್ ಎನಿಮಿಯಿಂದ ಹಿಡಿದು ಎಲ್ಲರೂ ಕತ್ತರಿಸಿ ಅಂಟಿಸಿಕೊಂಡರು. ಹಾಡಿನ ಕರ್ತೃ ಅಂತ ಕಾಗದದ ಮೇಲಿದ್ದದ್ದು ಬ್ರೌನ್ ಹೆಸರು. ಕಾನೂನಿಗೆ ಪದ ಬರೆದವನು, ರಾಗ ಕಟ್ಟಿದವನು ಕರ್ತೃ; ಬಾರಿಸಿದವನು ಕೂಲಿ. ೨೦೧೭ರಲ್ಲಿ ಸ್ಟಬಲ್‌ಫೀಲ್ಡ್ ತೀರಿಕೊಂಡ. ಇಲ್ಲಿ ಧಣಿಯೂ ಕಪ್ಪು, ಬಳಸಿಕೊಂಡ ಬಂಡಾಯಗಾರರೂ ಕಪ್ಪು ಜನವೇ. ನಮ್ಮ ಮೆರವಣಿಗೆಗಳಲ್ಲಿ ಭಾಷಣಕಾರನ ಹೆಸರು ಕರಪತ್ರದಲ್ಲಿರುತ್ತೆ. ಹತ್ತು ಕಿಲೋಮೀಟರು ತಮಟೆ ಬಡಿದವರ ಹೆಸರು 'ಹಾಗೂ ತಂಡದವರು' ಅಂತ ಆಗುತ್ತೆ. ಇದನ್ನು ಯಾರಿಗೆ ಹೇಳೋದು?

ತಮಟೆಯ ಮಾತು ಬಂದರೆ ನನಗೆ ಕಷ್ಟ. ತಾತ ಊರ ಹಬ್ಬಕ್ಕೂ ಸಾವಿಗೂ ಬಾರಿಸುತ್ತಿದ್ದವರು. ಸುಗ್ಗಿಯಲ್ಲಿ ಒಂದು ಮೊರ ರಾಗಿ, ಹಬ್ಬದ ದಿನ ಮಿಕ್ಕ ಅನ್ನ. ಅಪ್ಪ ಸಂಘಕ್ಕೆ ಸೇರಿದ ಮೇಲೆ ತಮಟೆಯನ್ನು ಅಟ್ಟಕ್ಕೆ ಹಾಕಿ, ಈ ಮನೇಲಿ ಇನ್ನು ಯಾರೂ ಮುಟ್ಟಕೂಡದು ಅಂದರು. ಹೆಣ್ಣಾದ ನನಗಂತೂ ಮೊದಲೂ ಮುಟ್ಟುವ ಮಾತಿರಲಿಲ್ಲ. ಹರ್ಕ್ ತನ್ನ ಯಂತ್ರವನ್ನು ತಾನೇ ಆರಿಸಿಕೊಂಡ. ತಾತನಿಗೆ ಹುಟ್ಟಿದ್ದಕ್ಕೇ ಅದು ಕೊರಳಿಗೆ ಬಿತ್ತು. ಬೇಡ ಅಂದಿದ್ದರೆ ಹೊಡೆತ ಬೀಳುತ್ತಿತ್ತು. ಎರಡನ್ನೂ 'ಪ್ರತಿರೋಧದ ಲಯ' ಅಂತ ಒಂದೇ ಚೀಲಕ್ಕೆ ತುಂಬುವ ವಿಮರ್ಶೆಯನ್ನು ನಾನು ಒಪ್ಪಲಾರೆ. ಹೋದ ವರ್ಷ ನಾನು ಕೆಲಸ ಮಾಡುವ ಕಡೆ, ಅತಿಥಿಗಳ ಸ್ವಾಗತಕ್ಕೆ "ನಿಮ್ಮ ಹುಡುಗರ ಕೈಲಿ ತಮಟೆ ಬಾರಿಸ್ಸಿ, ಚೆನ್ನಾಗಿರುತ್ತೆ" ಅಂದರು. 'ನಿಮ್ಮ' ಅನ್ನುವ ಪದ ಎಷ್ಟು ಮೆತ್ತಗೆ ಬಂತು!

ಆದರೂ ಸುಳ್ಳು ಹೇಳಲಾರೆ. ನಾಸ್ ಜೊತೆಗೆ ಲಾರಿನ್ ಹಿಲ್ ಯಾರಿಗೂ ಹೇಳದೆ ವೇದಿಕೆಗೆ ಬಂದಾಗ, ಕೊನೆಗೆ ೨೦೦೨ರಲ್ಲಿ ಕೊಲೆಯಾದ ಜ್ಯಾಮ್ ಮಾಸ್ಟರ್ ಜೇ ಇಲ್ಲದ ರನ್-ಡಿಎಂಸಿ, ಬಿಳಿ ಬಂದ ಗಂಡಸರು, ಕಛೇರಿ ಮುಗಿಸಲು ನಿಂತಾಗ ನನ್ನ ಮೈ ಬಿಸಿಯಾಯಿತು. ಇದೇ ಜನ ಬದುಕಿನಲ್ಲಿ ಏನು ಕಂಡಿದ್ದಾರೆ ಅಂತಲೂ ನೆನಪಾಯಿತು: ೨೦೧೧ರಲ್ಲಿ ಹರ್ಕ್ ಮೂತ್ರಪಿಂಡದ ಕಲ್ಲಿನಿಂದ ನರಳಿದಾಗ ವಿಮೆ ಇರಲಿಲ್ಲ, ಅಭಿಮಾನಿಗಳು ಚಂದಾ ಎತ್ತಿದರು. ಅದಕ್ಕೆ ಮುಂಚೆ ಅದೇ ಸೆಡ್ಜ್‌ವಿಕ್ ವಠಾರದ ಬಾಡಿಗೆದಾರರನ್ನು ಎಬ್ಬಿಸಲು ಹೊರಟಾಗ ಅವರ ಪಕ್ಕ ನಿಂತವನೂ ಅವನೇ.

ಆ ಹುಡುಗ ಈಗ ತಮಟೆ ಇಟ್ಟುಕೊಂಡು ರ‍್ಯಾಪ್ ಕಟ್ಟುತ್ತಿದ್ದಾನೆ. "ನಿಮ್ಮ ತಾತಂದು ಇದೆಯಲ್ಲ ಮೇಡಂ, ಕೊಡ್ತೀರಾ? ಹೆಸರು ಹಾಕ್ತೀನಿ" ಅಂದ. ಅಟ್ಟ ಹತ್ತಿ ನೋಡಿದೆ. ಚರ್ಮವನ್ನು ಇಲಿ ಕಡಿದಿದೆ, ಬಳೆ ಗಟ್ಟಿಯಾಗಿದೆ. ಅಪ್ಪನನ್ನು ಕೇಳಬೇಕು, ಇನ್ನೂ ಕೇಳಿಲ್ಲ.